ತೋಟದ ಸೋಮವಾರ

ತಾಳ ಹಿಡಿದವರೆಲ್ಲ ಹೊಸ ಭಜನಾ ಮಂದಿರದೊಳಗೆ ಕುಳಿತಾಗಿತ್ತು. ಕೇರಿಯ ಉಡಚಪ್ಪ ಮಾತ್ರ ಏಕತಾರಿ ಹಿಡಿದು ಮೆಟ್ಟಿಲ ಕೆಳಗೇ ನಿಂತಿದ್ದ. ಅವನು ನೋಡುತ್ತಿದ್ದುದು ಪರಮೇಶ್ವರಪ್ಪನನ್ನು.

ಮಂದಿರ ಕಟ್ಟಿಸಿದವನು ಸಾವಕಾರ ಪರಮೇಶ್ವರಪ್ಪನೇ. ಅದಕ್ಕೂ ಮೊದಲು ಏಳು ವರ್ಷ ಸೋಮವಾರದ ಭಜನೆ ನಡೆದದ್ದು ಸವಣೂರಿನ ಹೊರಗೆ, ಅವನ ವೀಳ್ಯದ ಎಲೆತೋಟದಲ್ಲಿ. ಎಲೆತೋಟಕ್ಕೆ ಯಾರೂ ಕೆರ ಮೆಟ್ಟಿ ಹೋಗುವಂತಿಲ್ಲ. ಸಾವಕಾರನ ಕೆರವೂ ಉಡಚಪ್ಪನದೂ ಬೇಲಿಯ ಹೊರಗೆ ಒಂದೇ ಕಡೆ ಬಿದ್ದಿರುತ್ತಿದ್ದವು. ಬಾವಿಯ ಪಕ್ಕದ ಬೇವಿನ ಕೆಳಗೆ ದೀಪ ಹಚ್ಚಿಟ್ಟರೆ ಅದೇ ಗುಡಿ. ಒದ್ದೆ ಮಣ್ಣಿನ ತಂಪು, ಎಲೆಯ ಘಾಟು, ಗೂಡಿಗೆ ಬಂದ ಹಕ್ಕಿಗಳ ಜಗಳ. ಉಡಚಪ್ಪ ಮೊದಲ ಸೊಲ್ಲು ಎತ್ತಿದರೆ ಪರಮೇಶ್ವರಪ್ಪನಿಗೆ ಕಣ್ಣು ತುಂಬುತ್ತಿದ್ದವು. ಯಾರ ಮಗ್ಗುಲಿಗೆ ಯಾರು ಕುಳಿತರೆಂದು ನೋಡಿದವರೂ, ತೋಟದಲ್ಲಿ ತಾನೇ ಎಂದು ಸುಮ್ಮನಾಗುತ್ತಿದ್ದರು.

೧೯೩೮ರ ಶ್ರಾವಣದಲ್ಲಿ ಮೂರು ಸೋಮವಾರ ಮಳೆ ದೀಪ ಆರಿಸಿತು. ದೇವರನ್ನು ಮಳೆಯಲ್ಲಿ ನೆನೆಸುವುದೇ ಎಂದು ಪರಮೇಶ್ವರಪ್ಪ ಹಟ ತೊಟ್ಟು ಊರೊಳಗೆ ಮಂದಿರ ಎಬ್ಬಿಸಿದ. ಕಲ್ಲು ಹೊತ್ತವರಲ್ಲಿ ಉಡಚಪ್ಪನೂ ಒಬ್ಬ. ಕಟ್ಟುವಾಗ ಒಳಗೆ ಹೊರಗೆ ನೂರು ಸಲ ಓಡಾಡಿದ್ದ. ಗೋಡೆ ಎದ್ದರೆ ಹೊಸ್ತಿಲೂ ಕೂಡುತ್ತದೆಂದು ಪುಣ್ಯಾತ್ಮ ಪರಮೇಶ್ವರಪ್ಪನಿಗೆ ಹೊಳೆದಿರಲಿಲ್ಲ.

ಈಗ ಅವನು 'ಒಳಗ ಬಾ' ಎಂದರೆ ಸಾಕಿತ್ತು. ಮಾತು ಬಾಯಿಯವರೆಗೂ ಬಂತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಬೀಗ ಚನ್ನವೀರಪ್ಪ ಗಂಟಲು ಸರಿಮಾಡಿಕೊಂಡ. ಪರಮೇಶ್ವರಪ್ಪ ತಲೆ ತಗ್ಗಿಸಿ ದೀಪದ ಬತ್ತಿ ತೀಡತೊಡಗಿದ. ತಲೆ ಎತ್ತಿದಾಗ ಮೆಟ್ಟಿಲ ಕೆಳಗೆ ಯಾರೂ ಇರಲಿಲ್ಲ.

ಎರಡು ಸೋಮವಾರ ಭಜನೆ ಹೇಗೋ ನಡೆಯಿತು. ಪರಮೇಶ್ವರಪ್ಪನಿಗೆ ಮಾತ್ರ ಉಂಡ ಅನ್ನ ಮೈಗೆ ಹತ್ತಲಿಲ್ಲ. ಮೂರನೆಯದಕ್ಕೆ ಮುಂಚೆ ತಾನೇ ಕೇರಿಗೆ ಹೋದ. ಮಂದಿರಕ್ಕೆ ಬೀಗ ಹಾಕುತ್ತೇನೆ, ಮೊದಲಿನಂತೆ ತೋಟದಲ್ಲೇ ಕೂಡೋಣ ಎಂದ. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಉಡಚಪ್ಪನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಇನ್ನ ಅದು ಆಗೂದಿಲ್ರಿ ಸಾವಕಾರ್ರ. ಮೊದಲ ತ್ವಾಟದಾಗ ಸುಮ್ಮನ ಕುಂದರ್ತಿದ್ದೆ. ಈಗ ಕುಂತ್ರ, ಒಳಗ ಕರೀಲಿಲ್ಲಂತ ಅಲ್ಲಿ ಕುಂತಂಗ ಆಗತೈತ್ರಿ."

ಹೊರಗೆ ಮಾತು ಕೇಳಿದ ಉಡಚಪ್ಪನ ಹೆಂಡತಿ ಶಾರವ್ವ, ಬಂದವರು ಯಾರೆಂದು ನೋಡದೆ, ಒಲೆಯ ಮುಂದಿನಿಂದಲೇ ಹೇಳಿದಳು:

"ಹೊರಗ್ಯಾಕ ನಿಂತೀರಿ? ಒಳಗ ಬರ್ರಿ."

ಉಡಚಪ್ಪ ಹಗ್ಗದಿಂದ ತಲೆ ಎತ್ತಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ಪರಮೇಶ್ವರಪ್ಪ ಆ ಗಿಡ್ಡ ಬಾಗಿಲ ಮುಂದೆ ನಿಂತೇ ಇದ್ದ.