ಪೈಪಿನ ಮಾತು ಮೊದಲ ಹೇಳ್ರಿ

ಆಪರೇಶನ್ ಹತ್ತಿರ ಬರುತ್ತಿದ್ದಂತೆ ನೀಲಮ ಕಾಂಬಳೆ ನೀರು ಕುಡಿಯುವುದನ್ನು ಬಿಟ್ಟಳು. ತೂಕ ಇಳಿಸುವ ಆಪರೇಶನ್ ಅದು. ಜಠರವನ್ನು ಕೊಯ್ದು ಸಣ್ಣದು ಮಾಡುತ್ತಾರೆ. ಆ ಕೊಯ್ತಕ್ಕೆ ಅವಳು ಹೆದರಿರಲಿಲ್ಲ. ಹೆದರಿದ್ದು ಮೂತ್ರ ಹೋಗಲು ಹಾಕುವ ನಳಿಗೆಗೆ.

ಅವಳ ವೈನಿ, ಅಣ್ಣನ ಹೆಂಡತಿ ಸರಿತಾಳ ಗರ್ಭಕೋಶ ತೆಗೆದಾಗ ಹಾಕಿದ್ದ ನಳಿಗೆಯನ್ನು ವಾರವಾದರೂ ಯಾರೂ ತೆಗೆದಿರಲಿಲ್ಲ. ಮಂಚದ ಪಕ್ಕದಲ್ಲಿ ಹಳದಿ ಚೀಲ ತೂಗುತ್ತಿತ್ತು. ನೋಡಲು ಬಂದ ಗಂಡಸರು ಮೊದಲು ಚೀಲ ನೋಡಿ, ಆಮೇಲೆ ಸರಿತಾಳ ಮುಖ ನೋಡುತ್ತಿದ್ದರು. ಕಡೆಗೆ ಸೋಂಕಾಗಿ ಜ್ವರ ಏರಿತು. ತೆಗೆಯಿರಿ ಎಂದು ಕೇಳಿದಾಗ ಅಲ್ಲಿಯ ನರ್ಸು, "ಎದ್ದು ಹೋಗೂ ತ್ರಾಸ ತಪ್ಪೇತಲ್ಲ, ಸುಮ್ನ ಮಲಗ್ರಿ" ಎಂದಿದ್ದಳು. ತಪ್ಪಿದ್ದು ಯಾರ ತ್ರಾಸ ಎಂದು ಸರಿತಾ ಕೇಳಲಿಲ್ಲ. ಕೇಳುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ನೀಲಮಳಿಗೆ ಉಪಾಯ ಹೇಳಿದವಳು ತಾಯಿ ಸತ್ತೆವ್ವ.

"ನೀರ ಕುಡೀಲಿಲ್ಲಂದ್ರ ಉಚ್ಚಿ ಎಲ್ಲಿಂದ ಬರತೈತಿ ಬೇ? ಉಚ್ಚಿನ ಇಲ್ಲಂದ್ರ ಪೈಪ ಯಾತಕ್ಕ ಹಾಕತಾರ?"

ಈ ವಿದ್ಯೆಯನ್ನು ಸತ್ತೆವ್ವ ಕಲಿತದ್ದು ನಿಪ್ಪಾಣಿಯ ಒಂದು ತಂಬಾಕಿನ ಗೋದಾಮಿನಲ್ಲಿ, ವಖಾರಿಯಲ್ಲಿ. ತಂಬಾಕು ಜರಡಿ ಹಿಡಿಯುವ ಅಷ್ಟೂ ಹೆಂಗಸರಿಗೆ ಅಲ್ಲಿ ಕೂರಲು ಒಂದು ಮರೆಯಿರಲಿಲ್ಲ. ಮಾಲಕನ ನಾಯಿಗಾದರೆ ವಖಾರಿಯ ಯಾವ ಕಂಬವಾದರೂ ಆಗುತ್ತಿತ್ತು. ಹೆಂಗಸರು ಬೆಳಿಗ್ಗೆಯೇ ನೀರು ಮುಟ್ಟದೆ ತಂಬಿಗೆ ಬೋರಲು ಹಾಕಿ ಕೆಲಸಕ್ಕೆ ಬರುತ್ತಿದ್ದರು. ನೀಲಮಳದು ಖಾಕಿ ಅಂಗಿಯ ನೌಕರಿ, ಬಸ್ ಕಂಡಕ್ಟರಳದು. ರಾಯಬಾಗ, ಅಥಣಿ, ಕಾಗವಾಡ ಸುತ್ತುವ ಅವಳೂ ಬ್ಯಾಗಿನ ನೀರಿನ ಬಾಟಲಿಯನ್ನು ತುಂಬಿದ್ದು ತುಂಬಿದಂತೆಯೇ ಮನೆಗೆ ತರುತ್ತಿದ್ದಳು. ತಾಯಿಯಿಂದ ಮಗಳಿಗೆ ಬಂದ ಆಸ್ತಿ ಹೊಲವಲ್ಲ, ಬಂಗಾರವಲ್ಲ. ಬಾಯಾರಿಕೆ.

ಚಿಕ್ಕೋಡಿಯ ಆಸ್ಪತ್ರೆಗೆ ಸೇರಿದ ದಿನ ಅವಳ ರಕ್ತದ ವರದಿ ನೋಡಿ ಸರ್ಜನ್ ಸನ್ಮತಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಮಂಚದ ಮೇಲೆ ಕುಳಿತಿದ್ದವಳನ್ನು ಬಿಟ್ಟು, ನಿಂತಿದ್ದ ಅವಳ ಗಂಡ ರೂಪೇಶನ ಕಡೆ ತಿರುಗಿದರು.

"ಇವ್ರ ಕಿಡ್ನಿಗೆ ಪೆಟ್ಟ ಬಿದ್ದೈತ್ರಿ. ಮೈಯಾಗ ನೀರಿನ ಅಂಶನ ಇಲ್ಲ. ನಾಳಿ ಆಪರೇಶನ್ ಆಗೂದಿಲ್ಲ. ಸಲಾಯಿನ ಹಚ್ಚಿ, ಪೈಪ ಹಾಕಿ, ತಾಸಿಗೆ ಎಷ್ಟ ಬರತೈತಿ ಅಳತಿ ಇಡಬೇಕು."

ಬ್ಯಾಂಕಿನಲ್ಲಿ ಶಿಪಾಯಿಯಾಗಿದ್ದ ರೂಪೇಶ ದೊಡ್ಡವರ ಮಾತಿಗೆ ತಲೆಯಾಡಿಸಿ ಅಭ್ಯಾಸವಿದ್ದವನು. ಇದಕ್ಕೂ ಆಡಿಸಿದ. ಡಾಕ್ಟರು ಹೊರಟುಹೋದರು. ಯಾವುದನ್ನು ತಪ್ಪಿಸಿಕೊಳ್ಳಲು ನೀಲಮ ಗಂಟಲು ಒಣಗಿಸಿಕೊಂಡಿದ್ದಳೋ ಅದು ಗಂಟಲು ಒಣಗಿಸಿದ್ದಕ್ಕೇ ಬಂದು ನಿಂತಿತ್ತು.

ನರ್ಸು ಸುಗಂಧಾ ಟ್ರೇ ತಂದು ಪರದೆ ಎಳೆದಳು.

"ಕಾಲ ಅಗಲ ಮಾಡ್ರಿ ಬಾಯಾರ."

"ಅದನ್ನ ಮುಟ್ಟಬ್ಯಾಡ್ರಿ. ಮೊದಲ ಡಾಕ್ಟರನ್ನ ಕರೀರಿ."

"ಅವ್ರ ಮುಂದ ಪೇಶಂಟ್ ಅದಾರ್ರಿ."

"ನಾನೂ ಪೇಶಂಟನ ಅದೀನಿ. ಕಾಯತೀನಿ. ನನ್ನ ಬಸ್ಸೇನ ತಪ್ಪೂದಿಲ್ಲ."

ಡಾಕ್ಟರು ಬಂದಾಗ ಅವರ ಮುಖದಲ್ಲಿ ಬೇಸರವಿತ್ತು. "ಏನ್ರಿ ನೀಲಮಬಾಯಿ, ಇಷ್ಟ ಸಣ್ಣ ವಿಷಯಕ್ಕ?"

"ವಿಷಯ ಸಣ್ಣದು ನಿಮಗ. ಹಾಕೂದು ನನ್ನ ಮೈಯಾಗ."

"ನೀಲಾ, ಡಾಕ್ಟರ ಮುಂದ ಹಂಗೆಲ್ಲ..." ಎಂದು ರೂಪೇಶ ನಡುವೆ ಬಂದ.

"ನೀವ ಹೋಗಿ ಚಾ ಕುಡದ ಬರ್ರಿ."

ಅವನು ಹೋಗಲಿಲ್ಲ, ಆದರೆ ಗೋಡೆಯ ಕಡೆ ಸರಿದ.

"ನೀರ ಬಿಟ್ಟದ್ದು ತಪ್ಪಲ್ಲೇನ್ರಿ?" ಎಂದರು ಡಾಕ್ಟರು.

"ತಪ್ಪ. ಯಾಕ ಬಿಟ್ನಿ ಅದನ್ನೂ ಕೇಳ್ರಿ. ಚೆಕಪ್ಪಿಗೆ ಬಂದಾಗ ಪೈಪ ಹಾಕತೀರೇನು ಅಂತ ಕೇಳಿದ್ನಿ. ಅದೆಲ್ಲ ನಮ್ಮ ಮ್ಯಾಲ ಬಿಡ್ರಿ ಅಂದ್ರಿ. ಇನ್ನೊಮ್ಮೆ ಕೇಳಿದ್ನಿ. ನಕ್ಕು, ಮೊದಲ ತೂಕದ ಚಿಂತಿ ಮಾಡ್ರಿ ಅಂದ್ರಿ. ನೀವ ಹೇಳಲಿಲ್ಲ, ನಮ್ಮವ್ವ ಹೇಳಿದ್ಲು. ಯಾರು ಬಾಯಿ ತಗದ ಹೇಳ್ತಾರೋ, ಅವ್ರ ಮಾತ ಕೇಳಿದ್ನಿ."

ಸುಗಂಧಾ ಟ್ರೇಯನ್ನು ನೋಡುತ್ತ ನಿಂತಳು. ದಪ್ಪಗಿರುವ ಹೆಂಗಸಿಗೆ ನಾಚಿಕೆ ಪಡುವ ಹಕ್ಕಿಲ್ಲ ಎಂದು ಜಗತ್ತು ಎಂದೋ ತೀರ್ಮಾನಿಸಿದೆ. ಬಸ್ಸಿನಲ್ಲಿ ನೀಲಮಳಿಗೆ 'ಡಬಲ್ ಸೀಟ್' ಎಂದು ಹೆಸರಿಟ್ಟವರು ಅವಳ ಎದುರಿಗೇ ಕರೆಯುತ್ತಿದ್ದರು. ಆ ಮೈಯ ಬಗ್ಗೆ ಯಾರು ಏನು ಬೇಕಾದರೂ ಅನ್ನಬಹುದಿತ್ತು. ಪ್ರಶ್ನೆ ಕೇಳುವ ಸರದಿ ಅದಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಹೊತ್ತಾಗುತ್ತಿತ್ತು.

"ನಾ ಚಂದ ಕಾಣಾಕ ಬಂದಿಲ್ಲ ಡಾಕ್ಟರ. ಸಕ್ಕರಿ ಕಾಯಿಲೆ ಐತಿ, ಮೊಣಕಾಲ ಹೋಗ್ಯಾವು, ಬಸ್ಸಿನ ಪಾವಟಗಿ ಹತ್ತಿದ್ರ ಉಸರ ಸಿಗೂದಿಲ್ಲ. ಅದಕ್ಕ ಬಂದೀನಿ. ಕೊಯ್ಯಾಕ ಹೊಟ್ಟಿ ಕೊಟ್ಟೀನಿ. ಬಾಯಿ ಕೊಟ್ಟಿಲ್ಲ."

ಡಾಕ್ಟರು ಸ್ಟೂಲು ಎಳೆದು ಕುಳಿತರು. ಈ ಸಲ ಅವಳ ಕಡೆಗೇ ಮುಖ ಮಾಡಿದರು.

"ಈ ಆಪರೇಶನ್ನಿಗೆ ಎಲ್ಲಾರಿಗೂ ಪೈಪ ಬೇಕಾಗೂದಿಲ್ರಿ. ಸಣ್ಣ ತೂತ ಮಾಡಿ ದುರ್ಬೀನಿಲೆ ಮಾಡೂ ಆಪರೇಶನ್, ಲಗೂ ಮುಗಿದ್ರ ಹಾಕೂದ ಇಲ್ಲ. ಹೊತ್ತ ಹಿಡದ್ರ, ಇಲ್ಲಾ ಕಿಡ್ನಿ ಮ್ಯಾಲ ಕಣ್ಣ ಇಡಬೇಕಾದ್ರ ಹಾಕತೀವಿ. ಅದೂ ನಿಮಗ ಮಂಪರ ಬಂದ ಮ್ಯಾಲ. ಮುಗಿದ ಕೂಡಲೆ, ಬಾಳಂದ್ರ ಮರದಿನ ಮುಂಜಾನೆ ತಗೀತೀವಿ. ಇಟ್ಟಷ್ಟೂ ಸೋಂಕಿನ ಭಯ."

"ಇಷ್ಟನ್ನ ಅವತ್ತ ಹೇಳಿದ್ರ ನಿಮ್ಮ ಬಾಯಿ ಸವೀತಿತ್ತೇನ್ರಿ?"

ಡಾಕ್ಟರು ರಕ್ತದ ವರದಿಯನ್ನು ಮತ್ತೆ ಬಿಚ್ಚಿದರು.

"ಈಗ ಅಳತಿ ಇಡಾಕ ಪೈಪನ ಬೇಕೇನು? ಜಗ್ ಕೊಡ್ರಿ. ಕುಡೀತೀನಿ, ಎದ್ದು ಹೋಗತೀನಿ, ಅದರಾಗ ಮಾಡತೀನಿ. ಅದನ್ನ ಅಳೀರಿ."

"ಸಂಜೀತನಕ ನೋಡೂಣು," ಎಂದರು ಡಾಕ್ಟರು. "ಬರಲಿಲ್ಲಂದ್ರ ನನ್ನ ಮಾತ ಕೇಳಬೇಕಾಗತೈತಿ."

"ಕಾರಣ ಹೇಳಿದ್ರ ಕೇಳತೀನಿ."

ಅವರು ಹೋದ ಮೇಲೆ ನೀಲಮ ಗ್ಲಾಸು ತುಂಬಿಕೊಂಡಳು. ಮಂಚದ ಆಚೆ ಬದಿ ಕುಳಿತಿದ್ದ ಸತ್ತೆವ್ವ ಅವಳ ಕೈ ಹಿಡಿದಳು.

"ಬ್ಯಾಡ ನೀಲಾ. ಕುಡದಿ ಅಂದ್ರ ಆಮ್ಯಾಲ ಹಿಡಕೊಳ್ಳಾಕ ಆಗೂದಿಲ್ಲ."

"ಯಾಕ ಹಿಡಕೋಬೇಕವ್ವ? ನಮಗ ಮುಟ್ಟಾಕ ಬಿಡದ ಮಹಾಡದ ಕೆರಿ ನೀರ ಕುಡೀಬೇಕಂತ ನಮ್ಮ ಮಂದಿ ತಲಿ ಒಡಿಸಿಕೊಂಡ್ರು. ಪ್ರತಿ ವರ್ಷ ಬೌದ್ಧ ವಿಹಾರದಾಗ ಕುಂತ ಅದನ್ನ ಓದತೀವಿ, ಎದ್ದ ನಿಂತ ಜೈಭೀಮ ಅಂತೀವಿ. ಮನಿಗೆ ಬಂದು ತಂಬಗಿ ಬೋರಲ ಹಾಕತೀವಿ. ವಖಾರಿ ಮಾಲಕ ನಿನ್ನ ಗಂಟಲಿಗೆ ಹಾಕಿದ ಬೀಗನ ನೀ ನನಗ ಉಪಾಯ ಅಂತ ಕೊಟ್ಟಿ. ನಾ ಶ್ಯಾಣ್ಯಾಕಿ, ಎರಡೂ ಕೈಲೆ ಇಸಗೊಂಡ್ನಿ."

ಸತ್ತೆವ್ವ ಕೈ ಬಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಆವಾಗ ನಮಗ ಹೇಳಾವ್ರ ಯಾರಿದ್ರು ಬೇ," ಎಂದಳು. ಎದ್ದು ಬಾಗಿಲ ಕಡೆ ನಡೆಯುತ್ತ, "ಕುಡಿ. ನಾ ಬಾಗಿಲ ಕಾಯತೀನಿ."

ನೀಲಮ ಕುಡಿದಳು. ಮತ್ತೆ ಕುಡಿದಳು. ಮೊದಲು ಬಂದದ್ದು ತಂಬಾಕಿನ ಕಷಾಯದ ಬಣ್ಣದ್ದು. ಸಂಜೆಯ ಹೊತ್ತಿಗೆ ಜಗ್ಗಿನ ಬಣ್ಣ ತಿಳಿಯಾಗಿತ್ತು. ಸುಗಂಧಾ ಅಳತೆ ಬರೆದುಕೊಂಡು ಟ್ರೇಯನ್ನು ವಾಪಸು ಒಯ್ದಳು.

ರಕ್ತದ ವರದಿ ಸರಿಹೋದ ಮೇಲೆ ಆಪರೇಶನ್ ಆಯಿತು. ಥಿಯೇಟರಿನ ಬಾಗಿಲಲ್ಲಿ ನೀಲಮ ಸ್ಟ್ರೆಚರ್ ನಿಲ್ಲಿಸಿ ತನ್ನ ಶರತ್ತು ಮತ್ತೊಮ್ಮೆ ಹೇಳಿದಳು: ಬೇಕಾದರೆ ಮಾತ್ರ ಹಾಕಬೇಕು, ಹೆಂಗಸರೇ ಹಾಕಬೇಕು, ಎಚ್ಚರವಾದ ಕೂಡಲೇ ಕಾರಣವನ್ನು ತನಗೆ ಹೇಳಬೇಕು, ಗಂಡನಿಗಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿದವರೆಲ್ಲ ನಿಂತು ಕೇಳಿದರು.

ಎಚ್ಚರವಾದಾಗ ನಳಿಗೆ ಇತ್ತು. ಸನ್ಮತಿ ಡಾಕ್ಟರು ತಾವೇ ಬಂದರು.

"ರಕ್ತ ಸ್ವಲ್ಪ ಜಾಸ್ತಿ ಹೋತ್ರಿ, ಹೊತ್ತಾತು. ಹಾಕಬೇಕಾತು. ಸುಗಂಧಾನ ಹಾಕ್ಯಾರ."

ಕಾರಣ ಸರಿಯಿತ್ತು. ನೀಲಮ ಒಪ್ಪಿದಳು. ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಡಾಕ್ಟರು ಮತ್ತೆ ಬಂದು ಚೀಲದ ಅಳತೆ ನೋಡಿದರು.

"ಇನ್ನ ಬೇಕೇನ್ರಿ ಇದು?" ಅವಳ ದನಿ ಸಣ್ಣದಾಗಿತ್ತು.

"ಬೇಕಾಗೇನಿಲ್ಲ. ಮುಂಜಾನೆ ರೌಂಡಿಗೆ ಬಂದಾಗ ತಗಿಯೂಣು."

"ಬೇಕಾಗಿಲ್ಲಂದ್ರ ಈಗ."

ಸುಗಂಧಾ ಹೇಳಿದಳು, "ರಾತ್ರಿ ಎಬ್ಬಿಸಿ ಎಬ್ಬಿಸಿ ಕರಕೊಂಡ ಹೋಗಬೇಕಾಗತೈತ್ರಿ ಬಾಯಾರ. ವಾರ್ಡಿಗೆಲ್ಲ ಆಯಾ ಒಬ್ಬಾಕಿನ ಅದಾಳ."

"ಹಂಗಾದ್ರ ಇನ್ನೊಬ್ಬಾಕಿನ ತಗೋರಿ. ಒಂದ ಪಗಾರ ಉಳಸಾಕ ನನ್ನ ಮೈಯಾಗ ಪೈಪ ಯಾಕ ಇರಬೇಕು?"

ಡಾಕ್ಟರು ಸುಗಂಧಾಳಿಗೆ ಕಣ್ಸನ್ನೆ ಮಾಡಿದರು. "ತಗೀರಿ. ಆದ್ರ ನೀಲಮಬಾಯಿ, ತಾವಾಗಿ ಆಗಲಿಲ್ಲಂದ್ರ ಮತ್ತ ಹಾಕಬೇಕಾಗತೈತಿ. ಬಾಳ ಮಂದಿಗೆ ಮೊದಲನೇ ಸಲ ಕಷ್ಟ."

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದಳು. ಹೊಟ್ಟೆಯ ಹೊಲಿಗೆ ಜಗ್ಗಿತು, ಕಣ್ಣು ಕತ್ತಲಿಟ್ಟಿತು, ಮತ್ತೆ ಬೆಳಕಾಯಿತು. ಒಂದು ಕಡೆ ಸುಗಂಧಾ, ಇನ್ನೊಂದು ಕಡೆ ಸತ್ತೆವ್ವ. ರೂಪೇಶ ಸಲಾಯಿನ್ ಕಂಬ ತಳ್ಳುತ್ತ ಹಿಂದೆ ಬಂದ. ವಾರ್ಡಿಗೆ ಬಂದಿದ್ದ ಜನ ದಾರಿಯಲ್ಲಿ ನಿಂತು ಅವಳ ಮೈಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ನೋಡಿ ಆಗಿದ್ರ ಬಾಜೂಕ ಸರೀರಿ," ಎಂದಳು ನೀಲಮ. ಸರಿದರು.

ಕಮೋಡಿನ ಮೇಲೆ ಕುಳಿತಳು. ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಏನೂ ಬರಲಿಲ್ಲ. ಹಿಡಿದುಕೊಳ್ಳುವುದನ್ನೇ ಕಲಿತ ಮೈಗೆ ಬಿಡುವುದು ಮರೆತುಹೋಗಿತ್ತು. ಟ್ರಿಪ್ಪಿಗೆ ಹೊತ್ತಾಯಿತೆಂದು ಹಾರ್ನ್ ಹೊಡೆಯುವ ಡ್ರೈವರ್ ಇಲ್ಲಿರಲಿಲ್ಲ, ಕೂಲಿ ಕತ್ತರಿಸುವ ವಖಾರಿಯ ಮುಕಾದಮನಿರಲಿಲ್ಲ. ಆದರೂ ಮೈ ನಂಬಲಿಲ್ಲ. ಅವಳು ತನ್ನ ಅಗಲವಾದ ತೊಡೆಗಳ ಮೇಲೆ ಎರಡೂ ಕೈ ಇಟ್ಟುಕೊಂಡು ಕಾದಳು.

ಸುಗಂಧಾ ಬಾಗಿಲು ಬಡಿದಳು. "ಬಾಯಾರ, ಬಾಳ ಹೊತ್ತಾತ್ರಿ. ಡಾಕ್ಟರಿಗೆ ಹೇಳಲೇನ?"

ಅಷ್ಟರಲ್ಲಿ ಉರಿಯುತ್ತ ಒಂದು ಹನಿ ಬಂತು. ಹಿಂದೆಯೇ ಇನ್ನೊಂದು. ಆಮೇಲೆ ಧಾರೆ.

"ಆತೇನ್ರಿ?"

"ಆಗಾಕತ್ತೈತಿ," ಎಂದಳು ನೀಲಮ. "ನಿಲ್ರಿ."

ಬಾಗಿಲ ಹೊರಗೆ ಅವರೆಲ್ಲ ನಿಂತರು.