ಒಂದು ಊಹೂಂ

ಸೂಜಿ ಚಮಚವನ್ನು ತುಟಿಯವರೆಗೆ ತಂದು ಊದತೊಡಗಿದಳು. ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದ ಗುಬ್ಬಿಗೆ ತನ್ನ ಬಟ್ಟಲಿನ ನೆನಪೇ ಇರಲಿಲ್ಲ. ಅವಳ ಕಣ್ಣು ಗೆಳತಿಯ ಗಂಟಲ ಮೇಲಿತ್ತು. ಆ ಗಂಟಲಿನಲ್ಲಿ ಸೂಪು ಇಳಿಯಬೇಕು, ಇಳಿದ ಮೇಲೆ ಆ ಮುಖದಲ್ಲಿ ಏನಾದರೂ ಆಗಬೇಕು. ಮೇಜಿನ ಕೆಳಗೆ ಅವಳ ಕಾಲು ಒಂದೇ ಸಮನೆ ಕುಣಿಯುತ್ತಿತ್ತು.

"ಯಾಕೇ ಹಾಗೆ ನೋಡ್ತಿದ್ದೀಯಾ? ನಾನೇನು ವಿಷ ಕುಡೀತಿದ್ದೀನಾ?" ಎಂದಳು ಸೂಜಿ.

ಬಿಸಿ ಇದೆ, ನಾಲಿಗೆ ಜೋಪಾನ ಎಂದು ಗುಬ್ಬಿ ಏನೋ ಒಂದು ಹೇಳಿ ತಪ್ಪಿಸಿಕೊಂಡಳು.

ಸೂಜಿ ಎಂದರೆ ಆಸ್ಪತ್ರೆಯ ನರ್ಸು. ಚುಚ್ಚುವುದು ಅವಳ ಉದ್ಯೋಗ, ಮಾತಿನಲ್ಲೂ ಆ ಉದ್ಯೋಗ ಬಿಟ್ಟವಳಲ್ಲ. ಮಧ್ಯಾಹ್ನದ ಡ್ಯೂಟಿ ಇದ್ದುದರಿಂದ ಯೂನಿಫಾರ್ಮಿನಲ್ಲೇ ಬಂದಿದ್ದಳು. ಅವಳ ಪಕ್ಕದಲ್ಲಿ ಕೂತ ಲೆಕ್ಕದ ಟೀಚರಿಗೆ ನಗು ಬಂದರೆ ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಬೇಕು, ಗುಟ್ಟು ಸಿಕ್ಕರೆ ಸಂಜೆಯೊಳಗೆ ಊರಿಗೆಲ್ಲ ಡಂಗುರ. ಇನ್ನು ಗುಬ್ಬಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಮೇಜಿನ ಹಿಂದೆ ಕೂತು ಹೆಸರು ಕರೆಯುವವಳು. ಅರ್ಧ ಆಯಸ್ಸು ಅವಳು ಜನರಿಗೆ ಹೇಳಿದ್ದು ಒಂದೇ ಮಾತು: ಎರಡು ಗಂಟೆ ಏನೂ ತಿನ್ನಬೇಡಿ. ಹಾಗೆ ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು.

ಈ ಮೂವರೂ ತಿಂಗಳಿಗೊಮ್ಮೆ ಹೊರಗೆ ಊಟಕ್ಕೆ ಸೇರುವುದು ಹಳೆಯ ಪದ್ಧತಿ. ಮದುವೆ, ಬಾಣಂತನ, ವರ್ಗಾವರ್ಗಿ, ಯಾವುದಕ್ಕೂ ತಪ್ಪಿದ್ದಲ್ಲ. ಪದ್ಧತಿಗೆ ನಿಯಮಗಳೂ ಇದ್ದವು. ಯಾರ ಸರದಿಯೋ ಅವಳು ಜಾಗ ಆರಿಸಬೇಕು, ಎಲ್ಲರ ಊಟವನ್ನೂ ಅವಳೇ ಆರ್ಡರ್ ಮಾಡಬೇಕು. ಉಳಿದವರು ಮೆನು ಮುಟ್ಟುವಂತಿಲ್ಲ. ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಅಡುಗೆ ಸೋತ ಹಾಗೆ. ಎಲ್ಲ ಮುಗಿದ ಮೇಲೆ ಕರೆತಂದವಳು "ಮತ್ತೆ ಬರೋಣ್ವಾ?" ಎಂದು ಕೇಳಬೇಕು. ಉಳಿದಿಬ್ಬರೂ ಹೂಂ ಅಂದರೆ ಸೈ. ಒಬ್ಬಳು ಊಹೂಂ ಅಂದರೂ ಮುಗಿಯಿತು, ಗಿರಾಕಿಗಳಾಗಿ ಆ ಹೋಟೆಲಿನ ಹೊಸ್ತಿಲು ಮತ್ತೆ ತುಳಿಯುವಂತಿಲ್ಲ. ಊರಿನ ಅರ್ಧ ಹೋಟೆಲುಗಳ ಬಾಗಿಲು ಸೂಜಿಯ ದೆಸೆಯಿಂದ ಇವರ ಪಾಲಿಗೆ ಮುಚ್ಚಿಹೋಗಿದ್ದವು.

ಇವತ್ತು ಗುಬ್ಬಿಯ ಸರದಿ. ಗೆಳತಿಯರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಅವರು ಕೂತಿದ್ದ ಈ ಪುಟ್ಟ ಕೆಫೆಯ ಒಲೆಯನ್ನು ವಾರದಿಂದ ಉರಿಸುತ್ತಿದ್ದವಳು ಅವಳೇ.

ಕೆಫೆಯ ಯಜಮಾನರಿಗೆ ಮಂಡಿನೋವು. ನಡೆಸಿದ್ದು ಸಾಕು, ಕೈ ಬದಲಾಗಲಿ ಎಂದು ಅವರು ಹಲ್ಲು ತೋರಿಸಲು ಬಂದಾಗ ಮಾತಿಗೆ ಹೇಳಿದ್ದರು. ಗುಬ್ಬಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ಡಾಕ್ಟರು ರಜೆಯ ಮೇಲೆ ಹೋದ ವಾರ ನೋಡಿಕೊಂಡು, ಗಂಡನ ತಂಗಿಯನ್ನು ಜೊತೆಗೆ ಕಟ್ಟಿಕೊಂಡು ಇಲ್ಲಿಗೆ ಬಂದಳು. ಒಂದು ವಾರ ಅಡುಗೆ ಮಾಡಿ ನೋಡಿ, ಆಮೇಲೆ ಹೇಳಿ ಎಂದಿದ್ದರು ಯಜಮಾನರು. ಇವತ್ತು ಸಂಜೆಯೊಳಗೆ ಅವರಿಗೆ ಉತ್ತರ ಕೊಡಬೇಕು. ಒಪ್ಪಿದರೆ ಕ್ಲಿನಿಕ್ಕಿನ ಕುರ್ಚಿ ಬಿಡಬೇಕು. ಗಂಡನನ್ನು ಕೇಳಿದರೆ "ನಿನ್ನಿಷ್ಟ" ಅಂದ. ನಾದಿನಿ ಆಗಲೇ ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. ವಾರವಿಡೀ ಗಿರಾಕಿಗಳು ಚೆನ್ನಾಗಿದೆ ಎಂದೇ ಹೋಗಿದ್ದರು. ಆದರೆ ಗುಬ್ಬಿಗೆ ಬೇಕಿದ್ದದ್ದು ಸೂಜಿಯ ಹೂಂ. ಅದೊಂದು ಬಿದ್ದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳುವುದು, ಬೀಳದಿದ್ದರೆ ತೆಪ್ಪಗೆ ಸೋಮವಾರ ಹೋಗಿ ಹೆಸರು ಕರೆಯುವುದು ಎಂದು ಅವಳು ಮನಸ್ಸಿನಲ್ಲೇ ಪಣ ಕಟ್ಟಿದ್ದಳು.

ಮೊದಲೇ ಹೇಳಿಬಿಟ್ಟರೆ ಗೆಳತಿಯರು ಸತ್ಯ ಹೇಳುತ್ತಾರೆಯೇ? ಹಿಂದೆ ಟೀಚರ ತಂಗಿ ಬೇಕರಿ ತೆರೆದಾಗ ಮೂವರೂ ಕಲ್ಲಿನಂಥ ಬನ್ನು ಕಚ್ಚಿ, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಹೂಂ ಹೂಂ ಎಂದು ಬಂದಿದ್ದರು. ಆ ಹುಡುಗಿ ಅದನ್ನೇ ನಂಬಿ ಅದೇ ಬನ್ನು ಮಾಡುತ್ತ ಹೋದಳು, ಕೊನೆಗೆ ಬೇಕರಿಗೆ ಬೀಗ ಬಿತ್ತು. ಅದಕ್ಕೇ ಗುಬ್ಬಿ ಬೆಳಿಗ್ಗೆಯೇ ಬಂದು ಎಲ್ಲ ಅಣಿಮಾಡಿ, ಒಲೆಯನ್ನು ನಾದಿನಿಗೆ ಒಪ್ಪಿಸಿ, ಹಿಂಬಾಗಿಲಿನಿಂದ ಹೊರಬಿದ್ದು, ಬಸ್ ಸ್ಟಾಪಿನಲ್ಲಿ ಗೆಳತಿಯರನ್ನು ಎದುರುಗೊಂಡು, ಏನೂ ಅರಿಯದವಳ ಹಾಗೆ ಮುಂಬಾಗಿಲಿನಿಂದ ಬಂದು ಕೂತಿದ್ದಳು. ಯಜಮಾನರೂ ನಾಟಕದಲ್ಲಿ ಪಾತ್ರಧಾರಿ. "ಮೊದಲ ಸಲ ಬರ್ತಿದ್ದೀರಾ ಮೇಡಂ?" ಎಂದು ಅವರು ಕೇಳಿದ್ದು ಒಂದು ಸಲವಾದರೆ ಸರಿ, ನೀರಿಟ್ಟಾಗ ಮತ್ತೆ ಕೇಳಿದರು, ಚಮಚ ಇಟ್ಟಾಗ ಮತ್ತೊಮ್ಮೆ. ಗುಬ್ಬಿಗೆ ನಗು ತಡೆಯುವುದೇ ಒಂದು ಕೆಲಸವಾಯಿತು.

ಈಗ ಸೂಜಿ ನುಂಗಿದಳು. ಮುಖದಲ್ಲಿ ಏನೂ ಆಗಲಿಲ್ಲ. ಚಮಚ ಮತ್ತೆ ಬಟ್ಟಲಿಗೆ ಹೋಗಲಿಲ್ಲ, ತಟ್ಟೆಯ ಮೇಲೆ ಮಲಗಿತು. ಟೀಚರ ಕೈ ತಂತಾನೇ ಉಪ್ಪಿನ ಡಬ್ಬಿಯವರೆಗೆ ಹೋಗಿ, ನಿಯಮ ನೆನಪಾಗಿ, ಪಕ್ಕದ ಬ್ರೆಡ್ಡಿನ ಚೂರನ್ನು ಎತ್ತಿಕೊಂಡು ವಾಪಸಾಯಿತು.

ಗುಬ್ಬಿ ಗಡಬಡಿಸಿ ತನ್ನ ಸೂಪು ಬಾಯಿಗಿಟ್ಟಳು. ಕುಂಬಳಕಾಯಿ ಹದವಾಗಿ ಬೆಂದಿದೆ, ಬೆಳ್ಳುಳ್ಳಿ ಘಮಘಮ ಅನ್ನುತ್ತಿದೆ, ಮೆಣಸು ಸರಿಯಾಗಿದೆ. ಉಪ್ಪು ಇಲ್ಲ. ಕಡಿಮೆ ಅಲ್ಲ, ಒಂದು ಹರಳೂ ಇಲ್ಲ.

ಅಯ್ಯೋ ದೇವರೇ, ಅಂದುಕೊಂಡಳು. ಕೈ ತೊಳೆದು ಬರುತ್ತೇನೆಂದು ಎದ್ದವಳು ಬಚ್ಚಲಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಗೆಳತಿಯರ ಕಣ್ಣು ತಪ್ಪಿದ್ದೇ ತಡ, ಅಡುಗೆಮನೆಗೆ ನುಗ್ಗಿದಳು. ನಾದಿನಿ ಬಾಣಲೆಯಲ್ಲಿ ಆಲೂಗಡ್ಡೆ ಹೊರಳಿಸುತ್ತಿದ್ದಳು. ಮುಖ ಬೆಳಗುತ್ತಿತ್ತು. "ಹೇಗಿದ್ಯಂತೆ ಅತ್ತಿಗೆ?" ಎಂದಳು.

"ಉಪ್ಪು ಹಾಕಿದ್ಯಾ?"

"ಉಪ್ಪು ನೀವಲ್ವಾ ಹಾಕೋದು?"

ಗುಬ್ಬಿ ಹಣೆ ಚಚ್ಚಿಕೊಂಡಳು. ನಿಜ. ಮದುವೆಯಾಗಿ ಬಂದ ದಿನದಿಂದ ಮನೆಯಲ್ಲಿ ಇವರಿಬ್ಬರದೂ ಒಂದೇ ಕ್ರಮ. ಹೆಚ್ಚುವುದು, ಹುರಿಯುವುದು, ಬೇಯಿಸುವುದು ನಾದಿನಿ. ಕೊನೆಯಲ್ಲಿ ಬಂದು ಉಪ್ಪು ಹಾಕುವುದು ಅತ್ತಿಗೆ. ಎರಡು ಕೈಯಿಂದ ಉಪ್ಪು ಬಿದ್ದರೆ ಅಡುಗೆ ಕೆಡುತ್ತದೆ ಎಂದು ಹೊಸದರಲ್ಲಿ ಕಣ್ಣು ಕೆಂಪಗೆ ಮಾಡಿ ಹೇಳಿದವಳೂ ಇವಳೇ. ನಾದಿನಿ ಆವತ್ತಿನಿಂದ ಉಪ್ಪಿನ ಭರಣಿಯ ತಂಟೆಗೆ ಹೋದವಳಲ್ಲ. ಇವತ್ತು ಉಪ್ಪಿನ ಕೈ ಎದ್ದು ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟಿತ್ತು. ಬೈಯೋಣವೆಂದರೆ ಯಾರನ್ನು ಬೈಯುವುದು?

ಅವಳು ಭರಣಿಗೆ ಕೈಯಿಟ್ಟು ಆಲೂಗಡ್ಡೆಯ ಮೇಲೆ ಉಪ್ಪು ಉದುರಿಸಿದಳು. ಬಾಣಲೆಯನ್ನೊಮ್ಮೆ ಎಗರಿಸಿ, ಒಂದು ಹೋಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಇನ್ನೊಂದು ಚಿಟಿಕೆ ಹಾಕಿದಳು. ಗಾಬರಿಯಲ್ಲೂ ಅವಳಿಗೆ ಅದೇನೋ ಖುಷಿ. ಹೊರಗೆ ಜೀವದ ಗೆಳತಿಯರು, ಒಳಗೆ ಈ ಬೆಂಕಿ, ಈ ಘಮ. ಇಲ್ಲೇ ಇದ್ದುಬಿಡಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಭಯವಾಗಿ ಓಡಿಬಂದು ಕೂತಳು.

ಆಲೂಗಡ್ಡೆ ಬಂತು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಟೀಚರ್ ಮೊದಲ ಹೋಳು ಕಚ್ಚಿದವಳೇ ಮಾತು ನಿಲ್ಲಿಸಿದಳು, ಅದು ವರ್ಷಕ್ಕೊಮ್ಮೆ ನಡೆಯುವ ಸಂಗತಿ. ಆಮೇಲೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಸೂಜಿ ಅದನ್ನು ತನ್ನ ಕಡೆ ಎಳೆದಳು. ತಿನ್ನುವುದರಲ್ಲಿ ಇಬ್ಬರೂ ಸ್ಕೂಲು ಮಕ್ಕಳಿಗಿಂತ ಕಡೆಯಾದರು. ಇನ್ನೊಂದು ತಟ್ಟೆ ತರಿಸಿದರು, ಅದೂ ಖಾಲಿಯಾಯಿತು, ಮತ್ತೊಂದು ಬಂತು. ನಿಂಬೆಹಣ್ಣಿನ ಕೇಕು ಬಂದಾಗ ಟೀಚರ್ ಇನ್ನು ಜಾಗವಿಲ್ಲ ಎನ್ನುತ್ತಲೇ ತನ್ನದನ್ನು ಮುಗಿಸಿ ಗುಬ್ಬಿಯ ಪಾಲಿಗೆ ಕೈ ಹಾಕಿದಳು. ಗುಬ್ಬಿಗೆ ಹಾಲು ಕುಡಿದಷ್ಟು ಸಂತೋಷ. ಸೂಪು ಮರೆತೇಹೋಯಿತು, ಗೆದ್ದೆ, ಅಂದುಕೊಂಡಳು. ಕೌಂಟರಿನ ಹಿಂದಿನಿಂದ ಯಜಮಾನರು ಹುಬ್ಬು ಹಾರಿಸಿದರು. ಅಡುಗೆಮನೆ ಬಾಗಿಲ ಸಂದಿಯಲ್ಲಿ ನಾದಿನಿಯ ಒಂದು ಕಣ್ಣು ಕಾಣುತ್ತಿತ್ತು.

ಕಾಫಿ ಮುಗಿಯಿತು. ಗುಬ್ಬಿ ಗಂಟಲು ಸರಿಮಾಡಿಕೊಂಡಳು. "ಮತ್ತೆ ಬರೋಣ್ವಾ?"

"ಹೂಂ, ಹೂಂ, ಹೂಂ," ಎಂದಳು ಟೀಚರ್. "ನಾಳೇನೇ ಬರೋಣ."

ಸೂಜಿ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಗುಬ್ಬಿಯ ಮುಖ ನೋಡಿದಳು.

"ಊಹೂಂ."

ಟೀಚರ್ ಹರಿಹಾಯ್ದಳು. ಮೂರು ತಟ್ಟೆ ಆಲೂಗಡ್ಡೆ ತಿಂದ ಬಾಯಿ ಇದು ಹೇಳುವ ಮಾತೇ ಎಂದು ಕೇಳಿದಳು. ಕೇಕು ಏನಾಯಿತು ಎಂದಳು. ಸೂಜಿ ಅವಳ ಕಡೆ ತಿರುಗಲೇ ಇಲ್ಲ. "ಸೂಪಿಗೆ ಉಪ್ಪಿರ್ಲಿಲ್ಲ," ಎಂದಳು. "ಯಾರೂ ರುಚಿ ನೋಡ್ದೆ ಕಳಿಸಿದ್ದಾರೆ. ಆಲೂಗಡ್ಡೆ ಚೆನ್ನಾಗಿತ್ತು ಅಂದ್ರೆ ಸೂಪಿನ ತಪ್ಪು ಮುಚ್ಚಿಹೋಗುತ್ತಾ?"

ಗುಬ್ಬಿಗೆ ಸೋಮವಾರ ಕಣ್ಣಮುಂದೆ ಬಂತು: ಬಾಗಿಲ ಬಳಿಯ ಆ ಮೇಜು, ದವಡೆ ಹಿಡಿದುಕೊಂಡು ಕೂತ ಜನ. ಅಳು ಬರುತ್ತದೆ ಅಂದುಕೊಂಡಳು. ಬಂದದ್ದು ಸಿಟ್ಟು. ತನ್ನ ಮೇಲೋ ಉಪ್ಪಿನ ಮೇಲೋ ಗೊತ್ತಾಗಲಿಲ್ಲ. ಪಣ ಕಟ್ಟಿದ್ದೂ ತಲೆಯಿಂದ ಹಾರಿಹೋಯಿತು. ಸೂಪು ಹಾಗಲ್ಲ, ಅದು ಹೇಗಿರುತ್ತದೆಂದು ಇವರಿಗೆ ಗೊತ್ತಾಗದೆ ಇವರು ಎದ್ದುಹೋಗಕೂಡದು, ಅಷ್ಟೇ.

"ಕೂತಿರಿ, ಬಂದೆ," ಎಂದು ಎದ್ದಳು. ಈ ಸಲ ಬಚ್ಚಲಿನ ಕಡೆ ತಿರುಗುವ ನಾಟಕ ಮಾಡಲಿಲ್ಲ, ನೆಟ್ಟಗೆ ಅಡುಗೆಮನೆಗೆ ನಡೆದಳು.

ಹೊರಬಂದಾಗ ಏಪ್ರನ್ ಕಟ್ಟಿದ್ದಳು, ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಹಬೆಯಾಡುವ ಎರಡು ಬಟ್ಟಲು ಸೂಪು. ಯಜಮಾನರು ಬಾಯಿ ತೆರೆದುಕೊಂಡು ನಿಂತರು. ಟೀಚರ್ ಏಪ್ರನ್ ನೋಡಿದಳು, ಬಟ್ಟಲು ನೋಡಿದಳು, ಬಾಗಿಲಲ್ಲಿ ಹಲ್ಲುಬಿಡುತ್ತ ನಿಂತ ನಾದಿನಿಯನ್ನು ನೋಡಿದಳು. ಲೆಕ್ಕ ತಾಳೆಯಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಾಳೆಯಾದದ್ದೇ ಎದ್ದು ಗುಬ್ಬಿಯನ್ನು ತಬ್ಬಿಕೊಂಡು, ಬಾಯಿಗೆ ಬಂದ ಹಾಗೆ ಬೈದು, ನಕ್ಕು, ಅತ್ತು, ಇಡೀ ಕೆಫೆಗೆ ಸುದ್ದಿ ಮುಟ್ಟಿಸಿದಳು. ಇಂಥ ಗುಟ್ಟನ್ನು ತನ್ನಿಂದ ಮುಚ್ಚಿಟ್ಟರಲ್ಲ ಎಂಬ ಸಂಕಟ ಅವಳಿಗೆ ಬಹಳ ದಿನ ಇರುವಂತೆ ಕಂಡಿತು.

ಸೂಜಿ ಮಾತ್ರ ಬಟ್ಟಲು ಹತ್ತಿರ ಎಳೆದುಕೊಂಡು ಕುಡಿಯುತ್ತಿದ್ದಳು. ಒಂದು ಚಮಚ, ಇನ್ನೊಂದು. ಕೊನೆಗೆ ಬ್ರೆಡ್ಡಿನ ಚೂರಿನಿಂದ ತಳ ಒರೆಸಿ ತಿಂದಳು. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದಳು ಗುಬ್ಬಿ.

"ಮೊದಲ ಸಲ ಬಂದವಳು ಮುಟ್ಟಿ ನೋಡ್ದೇನೇ ಆ ಅಲ್ಲಾಡೋ ಕುರ್ಚಿ ಬಿಟ್ಟು ಈ ಕುರ್ಚೀಲಿ ಕೂತೆ. ಕೈ ತೊಳೆಯೋಕೆ ಹೋದವಳ ಬೆರಳಿಗೆಲ್ಲ ಉಪ್ಪು. ಇಷ್ಟೂ ಗೊತ್ತಾಗ್ದೆ ಇರೋಕೆ ನಾನೇನು ಟೀಚರಾ?"

"ಗೊತ್ತಿದ್ದೂ ಊಹೂಂ ಅಂದ್ಯಾ?"

"ಗೊತ್ತಿದ್ದಿದ್ದಕ್ಕೇ ಅಂದೆ ಕಣೇ." ಸೂಜಿಯ ದನಿ ಮೊದಲ ಸಲ ಇಳಿಯಿತು. "ಆವತ್ತು ಬೇಕರೀಲಿ ಸುಳ್ಳು ಹೂಂ ಅಂದು ಬಂದ್ವಲ್ಲ, ಇನ್ನೂ ಗಂಟಲಲ್ಲೇ ಇದೆ ಅದು. ನಿಂಗೂ ಹಾಗೆ ಮಾಡ್ಲಾ? ಈ ಸೂಪು ಮೊದಲೇ ಬಂದಿದ್ರೆ ಹೂಂ ಅಂತಿದ್ದೆ. ಆ ಆಲೂಗಡ್ಡೇನಂತೂ ನನ್ನ ಜನ್ಮದಲ್ಲೇ ತಿಂದಿಲ್ಲ."

ಗುಬ್ಬಿ ಅಲ್ಲೇ ನಿಂತಳು. ಊಹೂಂ ನಿಜವಾದರೆ ಆಲೂಗಡ್ಡೆಯ ಮಾತೂ ನಿಜ. ಈ ಬಾಯಿಯಿಂದ ಬಂದ ಮೇಲೆ ಅದರಲ್ಲಿ ಎರಡು ಮಾತಿಲ್ಲ. ಸಂಜೆಯವರೆಗೆ ಕಾಯುವುದು ಯಾಕೆ ಎಂದು ಕೌಂಟರಿನ ಕಡೆ ತಿರುಗಿ, "ಯಜಮಾನ್ರೇ, ನಾನು ಒಪ್ಪಿದೆ," ಎಂದಳು. ಅವರು ಮಂಡಿನೋವು ಮರೆತು ಓಡಿಬಂದರು.

ಹಾಗಾದರೆ ಈಗ ಹೂಂ ಅನ್ನು ಎಂದು ಟೀಚರ್ ಸೂಜಿಯ ಭುಜ ಹಿಡಿದು ಅಲುಗಿಸಿದಳು. ಸೂಜಿ ತಲೆಯಾಡಿಸಿದಳು. ನಿಯಮ ಅಂದರೆ ನಿಯಮ, ಆಡಿದ ಮಾತು ಆಡಿದ ಹಾಗೆ, ಗಿರಾಕಿಗಳಾಗಿ ತಾವು ಈ ಹೊಸ್ತಿಲು ಇನ್ನು ತುಳಿಯುವಂತಿಲ್ಲ ಎಂದಳು. ಇಷ್ಟು ಹೊತ್ತು ಅರಳಿದ್ದ ಗುಬ್ಬಿಯ ಮುಖ ಅಲ್ಲೇ ಬಾಡಿತು. ಇವಳ ಹಟ ಅವಳಿಗೆ ಗೊತ್ತಿಲ್ಲದ್ದೇ? ಕೆಫೆ ನಡೆಯುತ್ತದೆ, ಊರೆಲ್ಲ ಬರುತ್ತದೆ, ಇವರಿಬ್ಬರು ಮಾತ್ರ ಬರುವಂತಿಲ್ಲ.

ಸೂಜಿ ಗಡಿಯಾರ ನೋಡಿ ಎದ್ದಳು, ಡ್ಯೂಟಿಗೆ ಹೊತ್ತಾಗಿತ್ತು. ಆದರೆ ಮುಂಬಾಗಿಲಿನ ಕಡೆ ಹೋಗಲಿಲ್ಲ. ತನ್ನ ಚಮಚ ಎತ್ತಿಕೊಂಡು ಅಡುಗೆಮನೆಯೊಳಗೆ ನಡೆದು, ಒಲೆ, ಪಾತ್ರೆ, ಉಪ್ಪಿನ ಭರಣಿ ಎಲ್ಲವನ್ನೂ ವಾರ್ಡು ನೋಡುವ ಹಾಗೆ ನೋಡಿ, ಹಿಂಬಾಗಿಲಿನ ಚಿಲಕ ತೆಗೆದು ಗುಬ್ಬಿಯ ಕಡೆ ತಿರುಗಿದಳು.

"ಈ ಬಾಗಿಲಿಗೆ ನಿಯಮ ಇಲ್ಲ. ದಿನಾ ಡ್ಯೂಟಿಗೆ ಹೋಗೋ ಮುಂಚೆ ಬರ್ತೀನಿ. ನಾನು ರುಚಿ ನೋಡೋವರೆಗೂ ಒಂದು ಬಟ್ಟಲೂ ಆಚೆ ಹೋಗಕೂಡದು."

ಚಮಚವನ್ನು ತೊಳೆದು, ಒರೆಸಿ, ಯೂನಿಫಾರ್ಮಿನ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಹೋದಳು. ನಾದಿನಿ ಒಲೆಯ ಪಕ್ಕದ ಸ್ಟೂಲಿನ ಮೇಲಿದ್ದ ಈರುಳ್ಳಿ ಬುಟ್ಟಿಯನ್ನು ಕೆಳಗಿಳಿಸಿ, ಏಪ್ರನ್ನಿನ ತುದಿಯಿಂದ ಸ್ಟೂಲನ್ನು ಒರೆಸತೊಡಗಿದಳು.