ಶೇಖವ್ವನ ತಕರಾರು

ಪುರಸಭೆಗೆ ದುಡ್ಡು ಬೇಕಾದಾಗಲೆಲ್ಲ ಊರ ಮಂದಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟುತ್ತದೆ. ಎಪ್ಪತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ, ಇಳಕಲ್ಲಿನಿಂದ ಬಸ್ಸು ಹತ್ತಿ ಎಲೆಯಡಿಕೆ ಅಗಿದು ಉಗುಳುವಷ್ಟರಲ್ಲಿ ಬರುವ ಒಂದು ನೇಕಾರರ ಊರಿನಲ್ಲಿಯೂ ಹಾಗೇ ಆಯಿತು. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರು ಇವತ್ತಿಗೂ ಜಗಳಕ್ಕೆ ಬರುತ್ತಾರೆ. ಊರಿಗೊಂದು ಹೊಸ ನೀರಿನ ಟಾಕಿ ಆಗಬೇಕು, ಸರಕಾರ ಅರ್ಧ ಕೊಡುತ್ತದೆ, ಉಳಿದರ್ಧ ಊರೇ ಹೊಂದಿಸಬೇಕು ಎಂದು ಮೇಲಿನಿಂದ ಕಾಗದ ಬಂತು. ಪುರಸಭೆಯ ಅಧ್ಯಕ್ಷ ಕಾಶಪ್ಪನವರು ಹತ್ತಿ ವ್ಯಾಪಾರದಲ್ಲಿ ಪಳಗಿದ ಆಸಾಮಿ. ಬಜೆಟ್ಟನ್ನು ತಿರುವಿ ಮುರುವಿ ನೋಡಿದರು. ಎಲ್ಲ ಮನೆಗಳ ಕರವನ್ನೂ ಹೊಸದಾಗಿ ಕಟ್ಟುವುದು, ಮಗ್ಗವಿದ್ದ ಮನೆಗೆ ಮಗ್ಗಕ್ಕಿಷ್ಟು ಎಂದು ಮೇಲೆ ಸೇರಿಸುವುದು ಎಂದು ಸಭೆಯಲ್ಲಿ ಠರಾವು ಮಾಡಿಸಿದರು. ಊರಿನವರು ಮನೆಯ ಕರಕ್ಕೆ ಪಟ್ಟಿ ಅನ್ನುತ್ತಾರೆ. ಟಾಕಿಯ ಅರ್ಧ ಭಾರ ಹೀಗೆ ನೇಕಾರ ಓಣಿಯ ಪಟ್ಟಿಯ ಮೇಲೆ ಬಂದು ಕೂತಿತು.

ಆದರೆ ಮಗ್ಗ ಎಣಿಸುವುದು ಅಂದಷ್ಟು ಸುಲಭವಲ್ಲ. ಅದು ಅಂಗಳದಲ್ಲಿ ಕಟ್ಟಿದ ಎಮ್ಮೆಯಲ್ಲ, ಮನೆಯ ನಡುವೆ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಮಗ್ಗ. ಪುರಸಭೆಯ ಗುಮಾಸ್ತ ತಿಮ್ಮಣ್ಣ ವಹಿ ಹಿಡಿದು ಓಣಿಯ ಬಾಯಿಗೆ ಬಂದದ್ದೇ ತಡ, ಮೊದಲ ಮನೆಯ ಮಗ್ಗ ನಿಲ್ಲುತ್ತಿತ್ತು. ಅದು ನಿಂತದ್ದು ಕೇಳಿ ಪಕ್ಕದ್ದು, ಅದರ ಬೆನ್ನಿಗೆ ಮತ್ತೊಂದು. ಅವನು ಎರಡು ಬಾಗಿಲು ದಾಟುವಷ್ಟರಲ್ಲಿ ಇಡೀ ಓಣಿ ಉಸಿರು ಹಿಡಿದು ಕೂತಿರುತ್ತಿತ್ತು. ಒಳಗೆ ಹೋಗಿ ನೋಡೋಣವೆಂದರೆ ‘ಹೆಣ್ಮಕ್ಕಳು ಜಳಕಾ ಮಾಡಾಕತ್ತಾರ್ರಿ’ ಎಂದು ಹೊಸ್ತಿಲಲ್ಲೇ ತಡೆಯುತ್ತಿದ್ದರು. ಇವರು ಚಾಪೆಯ ಕೆಳಗೆ ತೂರಿದರೆ ತಿಮ್ಮಣ್ಣ ರಂಗೋಲಿಯ ಕೆಳಗೆ ತೂರುವವನು. ಒಂದು ಮಧ್ಯಾಹ್ನ ಬನಶಂಕರಿ ಗುಡಿಯ ಹಿಂದಿನಿಂದ ಬಂದು, ಹಿತ್ತಲ ಗೋಡೆಗಳಿಗೆ ಕಿವಿ ಹಚ್ಚುತ್ತ ಹೋದ. ಒಂದು ಸಪ್ಪಳ ಕೇಳಿದರೆ ಒಂದು ಮಗ್ಗ, ಎರಡು ಕೇಳಿದರೆ ಎರಡು. ಸಪ್ಪಳವೇ ಇಲ್ಲದಿದ್ದರೆ ನೆರೆಮನೆಯವರನ್ನು ಕೇಳಿ ಬರೆದುಕೊಂಡ. ಓಣಿಯವರಿಗೆ ಗೊತ್ತಾಗುವಷ್ಟರಲ್ಲಿ ಅವನು ಪುರಸಭೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

ಜವಾನ ಖಾಸಿಂಸಾಬ ಹೊಸ ಪಟ್ಟಿಯ ನೋಟೀಸು ಹಂಚಲು ಬಂದ ದಿನ ಓಣಿಯಲ್ಲಿ ಬೈಗುಳದ ಸುಗ್ಗಿ. ಕಾಶಪ್ಪನವರ ಮುತ್ತಜ್ಜನವರೆಗೂ ಯಾರನ್ನೂ ಬಿಡಲಿಲ್ಲ. ಶೇಖವ್ವ ತನ್ನ ಮನೆಯ ಬಾಗಿಲು ಅರ್ಧ ತೆರೆದು ನಿಂತಿದ್ದಳು. ಖಾಸಿಂಸಾಬ ಪಕ್ಕದ ಮುತ್ತವ್ವನ ಮನೆಗೆ ಕೊಟ್ಟ, ಶೇಖವ್ವನ ಬಾಗಿಲು ದಾಟಿ ಮುಂದಿನ ಮನೆಗೆ ಹೋದ.

"ಖಾಸಿಂಸಾಬ, ನಮ್ಮದು?"

ಅವನು ಕೈಯಲ್ಲಿದ್ದ ಕಾಗದಗಳನ್ನು ಮತ್ತೊಮ್ಮೆ ನೋಡಿದ. "ನಿಮ್ಮದಿಲ್ಲ ಯವ್ವಾ. ನಿಮ್ಮ ಮನಿ ಖಾಲಿ ಅಂತ ಬರದಾರ. ಖಾಲಿ ಮನಿಗೆ ಪಟ್ಟಿ ಮಾಫಿ."

"ಖಾಲಿ ಅಂದ್ರ?"

"ಯಾರೂ ಇರಂಗಿಲ್ಲ ಅಂತ." ಅಷ್ಟು ಹೇಳಿದ ಮೇಲೆ ತಾನು ಯಾರೊಡನೆ ಮಾತಾಡುತ್ತಿದ್ದೇನೆ ಎಂಬುದು ಅವನಿಗೇ ಹೊಳೆದಂತಾಗಿ, ತಲೆಯ ಟೊಪ್ಪಿಗೆ ಸರಿಮಾಡಿಕೊಂಡು ನಕ್ಕ. "ಇರ್ಲಿ ಬಿಡವ್ವಾ, ಉಳೀತು. ದೇವರು ಕೊಟ್ಟಾನು ಅನ್ಕೋ."

ಸುತ್ತಲಿನವರೂ ಅದನ್ನೇ ಅಂದರು. ಕುಂಬಾರಣ್ಣನ ಕತ್ತೆ ಕಳೆದರೆ ಊರೆಲ್ಲ ಹುಡುಕುತ್ತದೆ, ಶೇಖವ್ವ ಕಳೆದದ್ದಕ್ಕೆ ಮಾತ್ರ ಎಲ್ಲರೂ ಅವಳ ದೈವ ಹೊಗಳಿದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಾಗಿಲು ಹಾಕಿಕೊಳ್ಳುವುದು ಅವಳ ಕಸುಬಿಗೆ ಬೇಕಾದ ಮಾತು. ಇಳಕಲ್ಲಿನ ಸೀರೆ ಸಾಹುಕಾರರು ಸಿಕ್ಕುಬಿದ್ದ ರೇಷ್ಮೆ ನೂಲಿನ ಲಡಿಗಳನ್ನು ಕಳಿಸುತ್ತಿದ್ದರು. ಅವಳು ಬೆಳಕಿಂಡಿಯ ಕೆಳಗೆ ಕೂತು ಒಂದೊಂದೇ ಎಳೆ ಬಿಡಿಸಿ ಸುತ್ತಿ ಕೊಡುತ್ತಿದ್ದಳು. ಒಂದು ಗಾಳಿ ಒಳಬಂದರೆ ದಿನದ ಕೆಲಸ ಹಾಳು. ಹಾಗಾಗಿ ಹಗಲೆಲ್ಲ ಮುಚ್ಚಿದ ಬಾಗಿಲು, ಸಪ್ಪಳವಿಲ್ಲದ ಕೆಲಸ. ಎಳೆ ಬಿಡಿಸುವ ಬೆರಳಿಗೆ ಮಾತೂ ಬೇಡ. ಸಂಜೆ ನೀರಿಗೆ ಹೋದಾಗ ಯಾರಾದರೂ ‘ಊಟಾತೇನು’ ಎಂದರೆ ಅವಳ ದನಿ ಒಮ್ಮೆಗೇ ಹೊರಡುತ್ತಿರಲಿಲ್ಲ, ಕೆಮ್ಮಿ ಸರಿಮಾಡಿಕೊಂಡು ‘ಆತು’ ಅನ್ನಬೇಕಾಗುತ್ತಿತ್ತು.

ಎರಡು ವರ್ಷದ ಹಿಂದೆ ಆ ಮನೆಯಲ್ಲೂ ಮಗ್ಗವಿತ್ತು. ಈಗಲೂ ಇದೆ, ನೇಯುವವನಿಲ್ಲ. ಗಂಡ ಹುಚ್ಚೇಶ ಒಳ್ಳೆಯ ನೇಕಾರ, ಹಾಡು ಮಾತ್ರ ಕೆಟ್ಟದಾಗಿ ಹಾಡುತ್ತಿದ್ದ. ಮಕ್ಕಳಾಗಲಿಲ್ಲ. ಆ ಓಣಿಯಲ್ಲಿ ಒಂದು ರೂಢಿಯಿತ್ತು. ಯಾವ ಮನೆಯ ಮಗ್ಗವಾದರೂ ನಡುವೆ ನಿಂತರೆ ನೆರೆಯವರು ಗೋಡೆಯಾಚೆಯಿಂದ ‘ಎಳಿ ಹರೀತೇನು?’ ಎಂದು ಕೂಗಬೇಕು. ಇವರು ‘ಹರೀತು, ಕಟ್ಟಾಕತ್ತೇನಿ’ ಅನ್ನಬೇಕು. ಎಳೆ ಹರಿಯದೆ ಚಹಾ ಕುಡಿಯಲು ಎದ್ದಿದ್ದರೂ ಉತ್ತರ ಅದೇ. ಉತ್ತರ ಬಾರದಿದ್ದರೆ ಕೈಲಿದ್ದದ್ದು ಬಿಟ್ಟು ಓಡಿಬರಬೇಕು. ಹುಚ್ಚೇಶನ ಮಗ್ಗ ನಿಂತ ದಿನ ಶೇಖವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮುತ್ತವ್ವ ಮೂರು ಸಲ ಕೂಗಿ, ಉತ್ತರ ಬಾರದೆ ಓಡಿಬಂದಾಗ ಅವನು ಕುಣಿಯಲ್ಲಿ ಕೂತಲ್ಲೇ ಅರ್ಧ ನೇಯ್ದ ಸೀರೆಯ ಮೇಲೆ ತಲೆಯಿಟ್ಟಿದ್ದ. ಸೀರೆ ಸಾಹುಕಾರ ಮಗ್ಗದ ಹಾಸು, ಅಂದರೆ ಉದ್ದದ ಎಳೆಗಳನ್ನೆಲ್ಲ, ಕತ್ತರಿಸಿಕೊಂಡು ಹೋದ. ಶೇಖವ್ವ ಕುಣಿಯ ಮೇಲೆ ಹಲಗೆ ಮುಚ್ಚಿದಳು. ಅಂದಿನಿಂದ ಆ ಗೋಡೆಯಾಚೆಯಿಂದ ಯಾರೂ ಕೂಗಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ನಡೆಯುವ ಮಗ್ಗ ನಿಂತರೆ ಕೂಗುತ್ತಾರೆ, ನಡೆಯದ ಮಗ್ಗ ನಿಲ್ಲುವುದಾದರೂ ಎಲ್ಲಿಂದ?

ಇಷ್ಟು ದಿನ ಅವಳು ಅದನ್ನು ಸಹಿಸಿದ್ದಳು. ಆದರೆ ‘ಯಾರೂ ಇರಂಗಿಲ್ಲ’ ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿಯಿತು. ಮನಸ್ಸಿನೊಳಗಿನ ಗುಮಾನಿ ಬೇರೆ, ಅದನ್ನೇ ಸರಕಾರದ ವಹಿಯಲ್ಲಿ ಬರೆಯುವುದು ಬೇರೆ. ರಾತ್ರಿ ಊಟಕ್ಕೆ ಕೂತಾಗ ತಾಟು ಒಂದು, ತಂಬಿಗೆ ಒಂದು. ಖಾಲಿ ಮನೆಯಲ್ಲಿ ಇವಕ್ಕೆ ಏನು ಕೆಲಸ ಅನ್ನಿಸಿ ಮುರಿದ ರೊಟ್ಟಿಯನ್ನು ಮತ್ತೆ ಬುಟ್ಟಿಗೆ ಹಾಕಿದಳು.

ತಕರಾರು ಕೇಳುವ ದಿನ ಪುರಸಭೆಯ ಅಂಗಳದಲ್ಲಿ ಜಾತ್ರೆಯಂತೆ ಮಂದಿ. ಒಳಗೆ ಉದ್ದನ್ನ ಮೇಜು, ನಡುವೆ ಕಾಶಪ್ಪನವರು, ಎರಡೂ ಕಡೆ ಸದಸ್ಯರು, ತುದಿಗೆ ವಹಿ ಹಿಡಿದ ತಿಮ್ಮಣ್ಣ. ಬಂದವರೆಲ್ಲರದೂ ಒಂದೇ ರಾಗ. ಒಬ್ಬನ ಮಗ್ಗಕ್ಕೆ ಗೆದ್ದಲು ಹತ್ತಿದೆ, ಇನ್ನೊಬ್ಬನಿಗೆ ಬೆನ್ನುನೋವು, ಮತ್ತೊಬ್ಬನ ಮನೆಯಿಂದ ಕೇಳಿದ್ದು ಮಗ್ಗದ ಸಪ್ಪಳವೇ ಅಲ್ಲ, ಹೆಂಡತಿ ಅರಿವೆ ಒಗೆಯುತ್ತಿದ್ದಳು. ಕಾಶಪ್ಪನವರು ಎಲ್ಲರಿಗೂ ‘ನೋಡೂಣು, ನೋಡೂಣು’ ಎಂದು ಏನನ್ನೂ ನೋಡದೆ ಸಾಗಹಾಕುತ್ತಿದ್ದರು. ಶೇಖವ್ವನ ಪಾಳಿ ಬಂದಾಗ ಊಟದ ಹೊತ್ತು ಮೀರಿತ್ತು.

"ಏನವ್ವಾ, ಎಷ್ಟು ಕಡಿಮಿ ಮಾಡಬೇಕು?"

"ಕಡಿಮಿ ಬ್ಯಾಡ್ರಿ. ನನ್ನ ಮನಿಗೂ ಪಟ್ಟಿ ಹಚ್ಚರಿ."

ಮೇಜಿನ ಸುತ್ತ ನಗೆಯೆದ್ದಿತು. ಬಾಗಿಲಲ್ಲಿ ನಿಂತಿದ್ದವರೂ ನಕ್ಕರು. ಕಾಶಪ್ಪನವರು ಮೂವತ್ತು ವರ್ಷದ ವ್ಯಾಪಾರದಲ್ಲಿ ದರ ಏರಿಸಿರೆಂದು ಬೇಡುವ ಗಿರಾಕಿಯನ್ನು ಕಂಡಿರಲಿಲ್ಲ. "ಯವ್ವಾ, ಊರ ಮಂದಿ ಬ್ಯಾಡ ಅಂತ ಅಳಾಕತ್ತಾರ. ನಿನಗ ಮಾಫಿ ಆಗೈತಿ. ಇದರಾಗ ನಿಂದೇನು ಹಾಳಾತು?"

ಏನು ಹಾಳಾಯಿತೆಂದು ಅಷ್ಟು ಜನ ಗಂಡಸರ ನಡುವೆ ಹೇಗೆ ಹೇಳುವುದು? ಅವಳು ಸೆರಗು ಬಿಗಿದುಕೊಂಡಳು. ಕೆಮ್ಮಿದಳು. "ನಾ ಆ ಮನ್ಯಾಗ ಅದೀನ್ರಿ," ಅಂದಳು. "ನೀವು ಯಾರೂ ಇಲ್ಲ ಅಂತ ಬರದೀರಿ. ನಾ ಅದೀನಿ."

ನಗೆ ಸಣ್ಣಗಾಯಿತು. ತಿಮ್ಮಣ್ಣ ತನ್ನ ತಲೆಯ ಮೇಲೆ ಬರಬಾರದೆಂದು ವಹಿ ತೆರೆದು ಗಟ್ಟಿಯಾಗಿ ಓದಿದ. "ನಾ ಸುಮ್ಮನ ಬರದಿಲ್ರಿ ಸಾಹೇಬ್ರ. ಬಾಗಲಾ ಹಾಕಿತ್ತು, ಸಪ್ಪಳಿರಲಿಲ್ಲ. ನೆರಿಮನಿ ಮುತ್ತವ್ವನ್ನ ಕೇಳೇನಿ. ‘ಅಲ್ಲೆ ಯಾರೂ ಇಲ್ಲ’ ಅಂತ ಅಕೀನ ಹೇಳ್ಯಾಳ."

ಶೇಖವ್ವ ಮೇಜಿನತ್ತ ಬಾಗಿ ಆ ವಹಿಯನ್ನು ನೋಡಿದಳು. ಕಾಶಪ್ಪನವರು ಊಟಕ್ಕೆ ಏಳುವ ಅವಸರದಲ್ಲಿದ್ದರು. "ಬರದಿದ್ದನ್ನ ಹಂಗ ಅಳಸಾಕ ಬರಂಗಿಲ್ಲವ್ವಾ. ನಾಳೆ ಮುಂಜಾನೆ ತಿಮ್ಮಣ್ಣ ಮತ್ತ ಬರ್ತಾನ. ಸಪ್ಪಳ ಕೇಳಿಸಿದ್ರ ಬರಕೋತಾನ," ಎಂದು ಸುಮ್ಮನೆ ತಮಾಷೆಗೆ ಅಂದು ಎದ್ದರು.

ಅವಳು ನೆಟ್ಟಗೆ ಮುತ್ತವ್ವನ ಮನೆಗೆ ಹೋದಳು. ಮುತ್ತವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ಮುತ್ತಕ್ಕಾ, ನಾ ಇಲ್ಲ ಅಂತ ಹೇಳಿದಿ?"

ಮುತ್ತವ್ವನ ಕೈಯ ಮೊರ ನಿಂತಿತು. "ನಿನ್ನ ಪಟ್ಟಿ ಉಳೀಲಿ ಅಂತ ಹೇಳಿದ್ನೆವಾ. ಒಂಟಿ ಹೆಣಮಗಳು, ಎಲ್ಲಿಂದ ತುಂಬತಿ ಅಂತ..." ಎಂದು ಶುರುಮಾಡಿದಳು. ಅವಳು ಒರಟು ಹೆಂಗಸು, ಸುಳ್ಳಿಗೆ ಬೇಕಾದ ನಯ ಅವಳಲ್ಲಿರಲಿಲ್ಲ. ಮೊರ ಕೆಳಗಿಟ್ಟಳು. "ಖರೆ ಹೇಳ್ಲೇನ ಶೇಖಿ? ಅವ ಕೇಳಿದಾಗ ನೀ ನೆನಪಾಗಲಿಲ್ಲ. ಆ ಕಡೆ ಗ್ವಾಡಿ ಸುಮ್ಮನಿತ್ತು. ಯಾರೂ ಇಲ್ಲಂತ ಬಾಯಿಗೆ ಬಂದುಬಿಡ್ತು."

ಶೇಖವ್ವ ಜಗಳಾಡಲಿಲ್ಲ. ಜಗಳಾಡಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. ಬೇಕೆಂದು ಹೇಳಿದ್ದರೆ ಸಿಟ್ಟು ಮಾಡಬಹುದಿತ್ತು, ಮರೆತವರ ಮೇಲೆ ಏನು ಸಿಟ್ಟು ಮಾಡುವುದು? ಮನೆಗೆ ಬಂದು ಬಾಗಿಲು ಹಾಕಿಕೊಂಡಳು, ಮತ್ತೆ ಏನು ನೆನಪಾಯಿತೋ ಎದ್ದು ತೆರೆದಿಟ್ಟಳು. ಬಂದ ಗಾಳಿಗೆ ಮೂಲೆಯಲ್ಲಿದ್ದ ರೇಷ್ಮೆ ಲಡಿ ಮತ್ತೆ ಸಿಕ್ಕಾಯಿತು. ಆಗಲಿ ಅಂದುಕೊಂಡು ನೋಡುತ್ತ ಕೂತಳು.

ಸಾಹೇಬರ ತಮಾಷೆಯೂ ಗುಮಾಸ್ತನಿಗೆ ಹುಕುಮೇ. ಮರುದಿನ ಮುಂಜಾನೆ ತಿಮ್ಮಣ್ಣ ವಹಿ ಹಿಡಿದು ಓಣಿಯ ಬಾಯಿಗೆ ಬಂದ. ಇವತ್ತು ಅವನು ಬೇರೆ ಯಾರ ಮಗ್ಗವನ್ನೂ ಎಣಿಸಲು ಬಂದಿರಲಿಲ್ಲ, ಆದರೆ ಓಣಿಗೆ ಅದು ಹೇಗೆ ಗೊತ್ತಾಗಬೇಕು? ಮೊದಲ ಮಗ್ಗ ನಿಂತಿತು, ಅದರ ಹಿಂದೆ ಪಕ್ಕದ್ದು, ಅದರ ಹಿಂದೆ ಎದುರಿನದು. ಕೋಳಿ ಕೆದರುವುದು ಕೇಳಿಸುವಷ್ಟು ಓಣಿ ಸುಮ್ಮನಾಯಿತು.

ಆ ಮೌನದಲ್ಲಿ ಒಂದು ಮಗ್ಗದ ಸಪ್ಪಳ ಎದ್ದಿತು. ಮೊದಲು ತಡವರಿಸಿತು. ಒಮ್ಮೆ ಖಟ್ಟೆಂದು ಬಹಳ ಹೊತ್ತು ತಡೆಯಿತು. ಆಮೇಲೆ ಖಟ್, ಖಟ್ ಎಂದು ಹೆಜ್ಜೆ ಹಿಡಿಯಿತು. ಕದದ ಸಂದಿಯಲ್ಲಿ ಉಸಿರು ಹಿಡಿದಿದ್ದವರು ಹಲ್ಲು ಕಡಿದರು. ಯಾವ ಮೂರ್ಖನಪ್ಪಾ ಇವನು, ಗುಮಾಸ್ತ ಬಂದಾಗ ನೇಯುತ್ತಿದ್ದಾನೆ! ಮುತ್ತವ್ವನ ಗಂಡ ಅಮೀನಪ್ಪ ಗೋಡೆಗೆ ಕಿವಿಯಿಟ್ಟು ಬೆರಗಾದ. ಸಪ್ಪಳ ಹುಚ್ಚೇಶನ ಮನೆಯಿಂದ ಬರುತ್ತಿತ್ತು.

ತಿಮ್ಮಣ್ಣ ತೆರೆದ ಬಾಗಿಲಲ್ಲಿ ಬಂದು ನಿಂತ. ಕುಣಿಯ ಮೇಲಿನ ಹಲಗೆ ಸರಿಸಿ, ಗಂಡ ಕೂಡುತ್ತಿದ್ದ ಜಾಗದಲ್ಲಿ ಶೇಖವ್ವ ಕಾಲು ಇಳಿಬಿಟ್ಟು ಕೂತಿದ್ದಳು. ಆ ಜಾಗದಲ್ಲಿ ಅವಳು ಕೂತದ್ದು ಅದೇ ಮೊದಲು. ಕಾಲಡಿಯ ಕೋಲು ತುಳಿದು, ಹಗ್ಗ ಜಗ್ಗಿ ನೂಲಿಲ್ಲದ ಬರಿಯ ಲಾಳಿಯನ್ನು ಓಡಿಸಿ, ನೇಯ್ಗೆ ಬಿಗಿಮಾಡುವ ಹಲಗೆಯನ್ನು ತನ್ನ ಕಡೆ ಎಳೆದು ಬಡಿಯುತ್ತಿದ್ದಳು. ಮಗ್ಗದ ಮೇಲೆ ಒಂದೂ ಎಳೆ ಇರಲಿಲ್ಲ. ಎರಡು ವರ್ಷದ ಧೂಳು ಬೆಳಕಿಂಡಿಯ ಬೆಳಕಿನಲ್ಲಿ ಏಳುತ್ತಿತ್ತು.

"ಯವ್ವಾ, ಹಾಸ ಇಲ್ಲಲ್ಲ?" ಅಂದ ತಿಮ್ಮಣ್ಣ.

ಅವಳು ಕೈ ನಿಲ್ಲಿಸಲಿಲ್ಲ. "ಸಪ್ಪಳ ಐತೋ ಇಲ್ಲೋ? ನಿಮ್ಮ ಸಾಹೇಬ್ರು ಸಪ್ಪಳ ಕೇಳಿ ಬರಕೋ ಅಂದಾರ."

ತಿಮ್ಮಣ್ಣ ವಹಿ ತೆರೆದ. ಇಂಥದಕ್ಕೆ ವಹಿಯಲ್ಲಿ ಬೇರೆ ಕಾಲಂ ಇರಲಿಲ್ಲ. ‘ಖಾಲಿ’ ಎಂಬುದಕ್ಕೆ ಗೆರೆ ಹೊಡೆದು, ‘ವಾಸ ಐತಿ. ಮಗ್ಗ ಒಂದು’ ಎಂದು ಬರೆದ. ಬರೆದದ್ದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದ. ಓಣಿಯ ಉಳಿದ ಮಗ್ಗಗಳಂತೆ ಅದಕ್ಕೂ ಹೆಚ್ಚಿನ ಪಟ್ಟಿ ಬೀಳುತ್ತದೆಂದೂ ಹೇಳಿದ. ಅವಳು ತಲೆಯಾಡಿಸಿದಳು. ಅವನು ಚಪ್ಪಲಿ ಮೆಟ್ಟಿಕೊಂಡು, ಹಿಂದಿರುಗಿ ನೋಡದೆ ನಡೆದ.

ಅವನು ಓಣಿ ದಾಟಿದ ಕೂಡಲೇ ಒಂದೊಂದೇ ಮಗ್ಗ ಜೀವ ಹಿಡಿಯಿತು. ಎದುರಿನದು, ಪಕ್ಕದ್ದು, ಮೂಲೆಯದು, ಎಲ್ಲವೂ ಕೂಡಿ ಎಂದಿನ ಗದ್ದಲವಾಯಿತು. ಅವುಗಳ ನಡುವೆ ಶೇಖವ್ವನ ಬರಿಮಗ್ಗವೂ ಒಂದಷ್ಟು ಹೊತ್ತು ನಡೆಯಿತು. ರೇಷ್ಮೆ ಬಿಡಿಸುವ ಕೈ ಅದು, ಹಲಗೆ ಬಡಿದು ರೂಢಿಯಿಲ್ಲ. ರಟ್ಟೆ ಸೋತಿತು. ಇನ್ನು ಯಾಕೆ ಬಡಿಯಬೇಕು, ಬರೆದುಕೊಂಡಾಯಿತಲ್ಲ ಅಂದುಕೊಂಡು ಅವಳು ಕೈಬಿಟ್ಟಳು. ಮನೆ ಮತ್ತೆ ಮೊದಲಿನಂತಾಯಿತು. ಪಟ್ಟಿ ಬಂತು, ಅಷ್ಟೇ. ಸಂಜೆಗೆ ತಾಟು ಒಂದೇ, ತಂಬಿಗೆ ಒಂದೇ. ಕುಣಿಯಿಂದ ಮೇಲೇಳಲು ನೆಲಕ್ಕೆ ಕೈಯೂರಿದಳು.

ಗೋಡೆಯಾಚೆ ಮುತ್ತವ್ವನ ದನಿ ಕೇಳಿಸಿತು. ಎರಡು ವರ್ಷದ ಹಿಂದಿನ ಅದೇ ಒರಟು ದನಿ, ಸ್ವಲ್ಪ ಅಳುಕಿತ್ತು.

"ಶೇಖಿ, ಎಳಿ ಹರೀತೇನು?"

ಶೇಖವ್ವ ಕುಣಿಯಲ್ಲೇ ಕೂತುಬಿಟ್ಟಳು. ಕಣ್ಣು ತುಂಬಿ ಮಗ್ಗ ಕಾಣಿಸದಾಯಿತು. ಎಷ್ಟು ಕೆಮ್ಮಿದರೂ ದನಿ ಹೊರಡಲಿಲ್ಲ. ಉತ್ತರ ಬಾರದಿದ್ದರೆ ಏನು ಮಾಡಬೇಕೆಂಬುದು ಆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಆಚೆಮನೆಯಲ್ಲಿ ಮೊರ ನೆಲಕ್ಕೆ ಬಿದ್ದ ಸಪ್ಪಳವಾಯಿತು, ಆಮೇಲೆ ಕಟ್ಟೆ ಇಳಿದು ಓಡಿಬರುವ ಹೆಜ್ಜೆಗಳ ಸಪ್ಪಳ.